ಮೊದಲ ನಾಲ್ಕು ಗಜ ಯಾರದು?

ಪ್ರಶ್ನೆ: ನನ್ನ ಮಗಳು ಅಮೆರಿಕದ ಮ್ಯಾಡಿಸನ್‌ನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಲ್ಲಿಗೆ ಹೋದ ಮೇಲೆ ಅವಳಿಗೆ ಅಮೆರಿಕನ್ ಫುಟ್ಬಾಲ್ ಹುಚ್ಚು ಹಿಡಿದಿದೆ. ಶನಿವಾರ ರಾತ್ರಿ ನಮ್ಮಿಬ್ಬರನ್ನೂ ಫೋನಿನ ಮುಂದೆ ಕೂರಿಸಿ ಪಂದ್ಯ ತೋರಿಸುತ್ತಾಳೆ. "ನಮ್ಮ ಯೂನಿವರ್ಸಿಟಿ ರನ್ನಿಂಗ್ ಬ್ಯಾಕ್‌ಗಳ ತವರುಮನೆ ಅಪ್ಪಾ" ಅನ್ನುತ್ತಾಳೆ. ನನಗೆ ಕಾಣುವುದು ಇಷ್ಟೇ: ಒಂದಷ್ಟು ದಢೂತಿ ಆಳುಗಳು ಎದುರಿನವರನ್ನು ನೂಕುತ್ತಾರೆ, ಸಂದಿಯಲ್ಲಿ ಒಬ್ಬ ಚೆಂಡು ಅವುಚಿಕೊಂಡು ನುಗ್ಗಿ ಬೀಳುತ್ತಾನೆ. ಇದರಲ್ಲಿ ಓಡುವವನ ಪಾಲೆಷ್ಟು, ನೂಕುವವರ ಪಾಲೆಷ್ಟು? ಒಬ್ಬ ಒಳ್ಳೆಯ ಓಟಗಾರ ಇರುವಾಗ ಮೂರು ನಾಲ್ಕು ಜನ ಯಾಕೆ ಬೇಕು? ಇನ್ನೊಂದು: ಕಾಲೇಜು ಫುಟ್ಬಾಲ್‌ನಲ್ಲಿ ಅತಿ ಹೆಚ್ಚು ಗಜ ಓಡಿದವನು ರಾನ್ ಡೇನ್ ಎಂದು ಮಗಳ ವಾದ, ದಾಖಲೆ ಪಟ್ಟಿಯಲ್ಲಿ ಬೇರೆ ಹೆಸರಿದೆ. ಯಾವುದು ಸರಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ 2014ರ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಆ ವರ್ಷ ನವೆಂಬರ್ 15ರಂದು ಮ್ಯಾಡಿಸನ್ನಿನ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದಲ್ಲಿ ವಿಸ್ಕಾನ್ಸಿನ್ ಮತ್ತು ನೆಬ್ರಾಸ್ಕ ಆಡಿದವು. ಸಣ್ಣಗೆ ಹಿಮ ಉದುರುತ್ತಿತ್ತು. ವಿಸ್ಕಾನ್ಸಿನ್ ಮೊದಲಿಗೆ 17–3ರಲ್ಲಿ ಹಿಂದೆ ಬಿದ್ದಿತ್ತು. ಆಮೇಲೆ ಮೆಲ್ವಿನ್ ಗಾರ್ಡನ್ ಎಂಬ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹೊತ್ತು ಓಡುವವನು, ಓಡತೊಡಗಿದ. 25 ಸಲ ಚೆಂಡು ಅವನ ಕೈಗೆ ಬಂತು, 408 ಗಜ ಓಡಿದ, ನಾಲ್ಕು ಟಚ್‌ಡೌನ್ ಹೊಡೆದ, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ. ಲಡೇನಿಯನ್ ಟಾಮ್ಲಿನ್ಸನ್ 1999ರಲ್ಲಿ ಬರೆದಿದ್ದ 406 ಗಜಗಳ ದಾಖಲೆ ಮುರಿಯಿತು, ಅದೂ ಮೂರನೆಯ ಕ್ವಾರ್ಟರಿನ ಕಡೆಯ ಓಟದಲ್ಲಿ. ನಾಲ್ಕನೆಯ ಕ್ವಾರ್ಟರಿನಲ್ಲಿ ಅವನು ಕಣಕ್ಕಿಳಿಯಲೇ ಇಲ್ಲ. ಪಂದ್ಯ 59–24ಕ್ಕೆ ಮುಗಿಯಿತು.

ಮೂರು ವಾರ ಕಳೆಯಿತು. ಡಿಸೆಂಬರ್ 6, ವಿಸ್ಕಾನ್ಸಿನ್ ಆಡುವ ಬಿಗ್ ಟೆನ್ ಎಂಬ ಲೀಗಿನ ಫೈನಲ್, ಎದುರಿಗೆ ಒಹಾಯೊ ಸ್ಟೇಟ್. ಅದೇ ಗಾರ್ಡನ್, ಅದೇ ಕಾಲು, ಅದೇ ತಂಡ. ಈ ಸಲ 26 ಓಟ, 76 ಗಜ. ವಿಸ್ಕಾನ್ಸಿನ್ 59–0ಯಲ್ಲಿ ಸೋತಿತು.

ಮೂರು ವಾರದಲ್ಲಿ ಅವನು ಓಡುವುದನ್ನು ಮರೆತಿರಲಿಲ್ಲ. ಒಹಾಯೊ ಸ್ಟೇಟಿನ ಮುಂಚೂಣಿಯವರು ವಿಸ್ಕಾನ್ಸಿನ್ ಲೈನನ್ನು, ಅಂದರೆ ನೀವು ಕಂಡ ನೂಕುವವರ ಸಾಲನ್ನು, ಒಂದು ಹೆಜ್ಜೆಯೂ ಮುಂದಕ್ಕೆ ಬಿಡಲಿಲ್ಲ, ಅಷ್ಟೇ. ನಾನು ಮಿಲ್ವಾಕಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹಲವು ವರ್ಷ ರನ್ನಿಂಗ್ ಬ್ಯಾಕ್ ಹುಡುಗರನ್ನು ನೋಡಿಕೊಂಡಿದ್ದೇನೆ. ಅಲ್ಲಿ ಕಲಿತ ಲೆಕ್ಕ ಇದು: ಮೊದಲ ಮೂರು ನಾಲ್ಕು ಗಜ ಲೈನಿನದು, ಆಮೇಲಿನದು ಓಟಗಾರನದು. ನಾಲ್ಕು ಗಜದ ಓಟ ಹನ್ನೆರಡು ಆಗುವುದು, ಹನ್ನೆರಡು ಅರವತ್ತಾಗುವುದು ಅವನ ವಿದ್ಯೆಯಿಂದ. ಆದರೆ ಆ ಮೊದಲ ನಾಲ್ಕು ಸಿಗದೆ ಹೋದರೆ ಮಿಕ್ಕಿದ್ದನ್ನು ತೋರಿಸಲು ಅವನಿಗೆ ಜಾಗವೇ ಇರುವುದಿಲ್ಲ.

ಗಜ ಅಂದರೆ ನಮ್ಮ ಮೂರು ಅಡಿಯ ಗಜವೇ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಆದ್ದರಿಂದ ಪ್ರತಿ ಸಲ ನಾಲ್ಕು ಗಜ ತಪ್ಪದೆ ಗಳಿಸುವ ತಂಡವನ್ನು ತಡೆಯುವುದು ಬಹಳ ಕಷ್ಟ. ಅಂಥ ತಂಡ ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಗಡಿಯಾರ ಓಡಿಸುತ್ತದೆ. ಎದುರಾಳಿಯ ಒಳ್ಳೆಯ ಆಟಗಾರರು ಪಕ್ಕದ ಬೆಂಚಿನಲ್ಲಿ ಕೂತು ನೋಡಬೇಕಾಗುತ್ತದೆ. ನವೆಂಬರ್ ತಿಂಗಳ ವಿಸ್ಕಾನ್ಸಿನ್ ಚಳಿಯಲ್ಲಿ ಬೆರಳು ಸೆಟೆದು, ಚೆಂಡು ಕಲ್ಲಿನಂತಾಗಿ, ದೂರಕ್ಕೆ ಎಸೆಯುವುದೂ ಹಿಡಿಯುವುದೂ ಪ್ರಯಾಸವಾದಾಗ ಈ ಆಟಕ್ಕೆ ಇನ್ನೂ ಬೆಲೆ ಬರುತ್ತದೆ.

ಈಗ ನಿಮಗೆ "ನೂಕಾಟ"ದಂತೆ ಕಂಡದ್ದರ ಒಳಗೆ ಹೋಗೋಣ. ವಿಸ್ಕಾನ್ಸಿನ್ ಹಲವು ದಶಕ ಉಣ್ಣುತ್ತ ಬಂದ ಅನ್ನ ಎಂದರೆ "ಪವರ್" ಎಂಬ ಓಟ. ಬಲಗಡೆಗೆ ಪವರ್ ಎಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಐವರು ಲೈನ್‌ಮನ್‌ಗಳು: ನಡುವೆ ಸೆಂಟರ್, ಅವನ ಎರಡು ಪಕ್ಕಕ್ಕೆ ಗಾರ್ಡ್‌ಗಳು, ಅವರ ಹೊರಗೆ ಟ್ಯಾಕಲ್‌ಗಳು. ಒಬ್ಬೊಬ್ಬನೂ 140 ಕಿಲೊ ಆಸುಪಾಸು. ಬಲ ತುದಿಯಲ್ಲಿ ಟೈಟ್ ಎಂಡ್ ಎಂಬ ಇನ್ನೊಬ್ಬ. ಹಿಂದೆ ಚೆಂಡು ಪಡೆದು ಕೊಡುವ ಅಥವಾ ಎಸೆಯುವ ಕ್ವಾರ್ಟರ್‌ಬ್ಯಾಕ್, ಅವನ ಹಿಂದೆ ಫುಲ್‌ಬ್ಯಾಕ್, ಎಲ್ಲರಿಗಿಂತ ಹಿಂದೆ ನಮ್ಮ ರನ್ನಿಂಗ್ ಬ್ಯಾಕ್, ಚೆಂಡು ಇಟ್ಟ ಗೆರೆಯಿಂದ ಏಳು ಗಜದಷ್ಟು ದೂರದಲ್ಲಿ.

ಚೆಂಡು ಹಿಂದಕ್ಕೆ ಬಂದ ಕ್ಷಣ ಬಲ ಟ್ಯಾಕಲ್ ಮತ್ತು ಪಕ್ಕದವನು ಸೇರಿ ಎದುರಿನ ಒಬ್ಬನ ಮೇಲೆ ಬೀಳುತ್ತಾರೆ. ಇಬ್ಬರ ಸೊಂಟ ಒಂದಕ್ಕೊಂದು ಅಂಟಿರಬೇಕು, ನಡುವೆ ಬೆರಳು ತೂರದಷ್ಟು. ಅವನನ್ನು ಹಿಂದಕ್ಕೆ ಜರುಗಿಸುತ್ತಲೇ ಇಬ್ಬರಲ್ಲಿ ಒಬ್ಬ ಕಣ್ಣನ್ನು ಲೈನ್‌ಬ್ಯಾಕರ್, ಅಂದರೆ ಎದುರಾಳಿಯ ಎರಡನೆಯ ಸಾಲಿನ ರಕ್ಷಕನ ಮೇಲೆ ಇಟ್ಟಿರುತ್ತಾನೆ. ಆ ಲೈನ್‌ಬ್ಯಾಕರ್ ಅಲುಗಿದ ಕೂಡಲೇ ಕೈಬಿಟ್ಟು ಅವನ ಕಡೆ ಹಾಯುತ್ತಾನೆ. ಫುಲ್‌ಬ್ಯಾಕ್ ಓಡಿಬಂದು ಎದುರಾಳಿ ಸಾಲಿನ ತುದಿಯವನನ್ನು ಹೊರಕ್ಕೆ ತಳ್ಳುತ್ತಾನೆ. ಒಳಗಿನವರು ಒಳಕ್ಕೆ, ಹೊರಗಿನವನು ಹೊರಕ್ಕೆ. ನಡುವೆ ಒಂದು ಬಾಗಿಲು ತೆರೆಯಿತು. ಆ ಬಾಗಿಲಿಗೆ ಮೊದಲು ನುಗ್ಗುವವನು ಓಟಗಾರನಲ್ಲ, ಎಡ ಗಾರ್ಡ್. ಅವನು ತನ್ನ ಜಾಗ ಬಿಟ್ಟು, ಹಿಂದಕ್ಕೊಂದು ಹೆಜ್ಜೆ ಇಟ್ಟು, ಸೆಂಟರಿನ ಬೆನ್ನಿಗೆ ಸವರಿಕೊಂಡು ಬಲಕ್ಕೆ ಓಡಿ ಬಂದು ಅದೇ ಬಾಗಿಲಲ್ಲಿ ತೂರಿ, ಅಡ್ಡ ಬಂದ ಲೈನ್‌ಬ್ಯಾಕರನಿಗೆ ಢಿಕ್ಕಿ ಕೊಡುತ್ತಾನೆ. 140 ಕಿಲೊ ಮನುಷ್ಯ ಅಷ್ಟು ಲಘುವಾಗಿ ತಿರುಗಿ ಓಡುವುದನ್ನು ಹತ್ತಿರದಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ. ನನಗಂತೂ ಈ ಆಟದಲ್ಲಿ ಇದಕ್ಕಿಂತ ಚೆಂದದ ದೃಶ್ಯ ಇನ್ನೊಂದಿಲ್ಲ.

ಓಟಗಾರ ಆ ಗಾರ್ಡ್‌ನ ಹಿಂದೆ ಹೋಗಬೇಕು. ಕಷ್ಟ ಇರುವುದೇ ಇಲ್ಲಿ. ಅವನು ಗಾರ್ಡ್‌ಗಿಂತ ಬಹಳ ವೇಗದವನು. ಚೆಂಡು ಕೈಗೆ ಬಂದ ಕೂಡಲೇ ಓಡಿದರೆ ಬಾಗಿಲು ತೆರೆಯುವ ಮೊದಲೇ ಬಾಗಿಲಿಗೆ ತಲೆ ಬಡಿಯುತ್ತಾನೆ. ತಡ ಮಾಡಿದರೆ ತೆರೆದ ಬಾಗಿಲು ಮುಚ್ಚಿಹೋಗುತ್ತದೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಎದುರಿನ ಮೂಲೆಯವನ ಕಾಲು ಮುಂದೆ ಬರುವವರೆಗೂ ಕಾಲಾಡಿಸುತ್ತ ಕಾಯುವುದನ್ನು ನೀವು ನೋಡಿರುತ್ತೀರಿ. ಇದೂ ಅಂಥದ್ದೇ ಕಾಯುವಿಕೆ. ಮುಕ್ಕಾಲು ಸೆಕೆಂಡು ಕಾಯುವುದು, ಆಮೇಲೆ ಒಂದೇ ಹೆಜ್ಜೆ ಊರಿ ತಿರುಗಿ ಸಿಡಿಯುವುದು.

ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಹುಡುಗನಿದ್ದ, ಇಡೀ ಶಾಲೆಗೇ ವೇಗದವನು. ಬಾಗಿಲು ತೆರೆಯುವಷ್ಟು ತಾಳ್ಮೆ ಇರಲಿಲ್ಲ. ಪ್ರತಿ ಸಲ ಹೊರಗಡೆಗೆ, ಮೈದಾನದ ಅಂಚಿಗೆ ಓಡುತ್ತಿದ್ದ. ಹತ್ತಕ್ಕೊಮ್ಮೆ ನಲವತ್ತು ಗಜ ಸಿಗುತ್ತಿತ್ತು, ಉಳಿದ ಒಂಬತ್ತು ಸಲ ಇದ್ದಲ್ಲಿಗಿಂತ ಹಿಂದೆ. ಬೈದು ನೋಡಿದೆವು, ವಿಡಿಯೊ ತೋರಿಸಿದೆವು. ಕೊನೆಗೆ ಒಂದು ವಾರ ಅವನಿಗೆ ಚೆಂಡನ್ನೇ ಕೊಡಲಿಲ್ಲ. ಬರೀ ಎಡಗೈಯಿಂದ ಗಾರ್ಡ್‌ನ ಅಂಗಿಯ ಹಿಂಬದಿ ಹಿಡಿದುಕೊಂಡು ಅವನ ಜೊತೆ ನಡೆಯುವುದು, ಮೊದಲು ನಡಿಗೆ, ಆಮೇಲೆ ಜಾಗ್, ಆಮೇಲೆ ಓಟ. ಅಂಗಿ ಕೈತಪ್ಪಿದರೆ ಮತ್ತೆ ಮೊದಲಿಂದ. ನಾಲ್ಕನೆಯ ದಿನ ಅವನ ಕಾಲಿಗೆ ಆ ಲಯ ಹತ್ತಿತು. ಮುಂದಿನ ಪಂದ್ಯದಲ್ಲಿ ಅವನು ನಲವತ್ತು ಗಜದ ಒಂದು ಓಟವನ್ನೂ ಓಡಲಿಲ್ಲ. ಐದು, ನಾಲ್ಕು, ಆರು, ನಾಲ್ಕು ಎಂದು ಓಡಿದ. ನಾವು ಗೆದ್ದೆವು. ಲೈನಿನ ಹುಡುಗರು ಅವನನ್ನು ಎತ್ತಿಕೊಂಡು ಬಂದರು, ಯಾಕೆಂದರೆ ಮೊದಲ ಸಲ ಅವರು ತೆರೆದ ಬಾಗಿಲನ್ನು ಅವನು ಬಳಸಿದ್ದ.

"ಜೋನ್" ಎಂಬ ಇನ್ನೊಂದು ಬಗೆಯಲ್ಲಿ ಬಾಗಿಲು ಎಲ್ಲಿ ಎಂದು ಮೊದಲೇ ಗೊತ್ತಿರುವುದಿಲ್ಲ. ಲೈನಿನ ಐವರೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತಾರೆ. ಎದುರಿನವರು ಹೇಗೆ ಸರಿಯುತ್ತಾರೋ ನೋಡಿ ಓಟಗಾರನೇ ಆರಿಸಬೇಕು: ನೇರ ನುಗ್ಗುವುದೋ, ಒಳಕ್ಕೆ ಬಾಗುವುದೋ, ಹೊರಕ್ಕೆ ಜಿಗಿಯುವುದೋ. ಒಂದು ಸಲ ದಾರಿ ಆರಿಸಿದ ಮೇಲೆ ಮನಸ್ಸು ಬದಲಿಸುವಂತಿಲ್ಲ.

ಇನ್ನು ಚೆಂಡು ಹಿಡಿಯುವ ರೀತಿ. ಕ್ವಾರ್ಟರ್‌ಬ್ಯಾಕ್ ಇರುವ ಕಡೆಯ ಮೊಣಕೈ ಮೇಲೆ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಅಂಗೈ ಮೇಲಾಗಿ. ನಡುವೆ ಜೋಳಿಗೆಯಂತೆ ಜಾಗ. ಚೆಂಡನ್ನು ಅವನು ನೋಡಬಾರದು, ಕಣ್ಣು ಬಾಗಿಲ ಮೇಲೇ ಇರಬೇಕು. ಚೆಂಡು ಹೊಟ್ಟೆಗೆ ತಗುಲಿದ ಕೂಡಲೇ ಜೋಳಿಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೆರಳು ಚೆಂಡಿನ ಮೂತಿಯ ಮೇಲೆ, ಅಂಗೈ, ಮುಂಗೈ, ತೋಳು, ಪಕ್ಕೆಲುಬು, ಐದೂ ಕಡೆಯಿಂದ ಒತ್ತಿರಬೇಕು. ಇದು ಸಡಿಲವಾದರೆ ಎಂಥವನೂ ಕೆಡುತ್ತಾನೆ. ವಿಸ್ಕಾನ್ಸಿನ್ ತಂಡದ ಜೊನಾಥನ್ ಟೇಲರ್‌ನಂಥ ಓಟಗಾರನ ಕೈಯಿಂದಲೇ ಮೂರು ವರ್ಷಗಳಲ್ಲಿ ಚೆಂಡು 18 ಸಲ ಜಾರಿದೆ. ಅವನ ಮೇಲಿದ್ದ ದೊಡ್ಡ ದೂರು ಅದೊಂದೇ.

ಟೇಲರ್ ಹೆಸರು ಬಂತು, ನಿಮ್ಮ ಮಗಳು ಹೇಳುವ "ತವರುಮನೆ" ವಿಷಯಕ್ಕೆ ಬರುತ್ತೇನೆ. ಅವಳ ಮಾತು ಸರಿ. ಕೆನೋಶಾ ಊರಿನ ಅಲನ್ ಅಮೀಚಿ 1954ರಲ್ಲೇ ಇಲ್ಲಿಂದ ಹೈಸ್ಮನ್ ಟ್ರೋಫಿ ಗೆದ್ದಿದ್ದ. ಕಾಲೇಜು ಫುಟ್ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವ ಅದು. 408 ಗಜದ ಗಾರ್ಡನ್ ಕೂಡ ಅದೇ ಕೆನೋಶಾದವನು. ಆದರೆ ಅಮೀಚಿಯ ನಂತರ ಬಹುಕಾಲ ತಂಡ ಸೊರಗಿತ್ತು. 1990ರಲ್ಲಿ ಬ್ಯಾರಿ ಆಲ್ವರೆಜ್ ಕೋಚ್ ಆಗಿ ಬಂದಾಗ ಮೊದಲ ವರ್ಷ 1 ಗೆಲುವು, 10 ಸೋಲು. ಅವರು ರಾಜ್ಯದ ಒಳಗಿನ ಎತ್ತರದ, ಎಲುಬು ಗಟ್ಟಿಯಾದ ಹುಡುಗರನ್ನು ಕೈತಪ್ಪಲು ಬಿಡಬಾರದು ಎಂದು ಹಟ ಹಿಡಿದರು. ಹಳ್ಳಿ ಹಳ್ಳಿಯಲ್ಲಿ ಹೈನುಗಾರಿಕೆಯ ಮನೆಗಳಿರುವ ರಾಜ್ಯ. ಮೈಗೆಲಸ ಕಂಡ ಹುಡುಗರಿಗೆ ಕೊರತೆ ಇಲ್ಲ. 1994ರ ಜನವರಿ 1ರಂದು ಆ ತಂಡ ರೋಸ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಪಂದ್ಯದಲ್ಲಿ ಯುಸಿಎಲ್‌ಎಯನ್ನು 21–16ರಿಂದ ಸೋಲಿಸಿತು. ಓಟವೇ ಅವರ ಕಸುಬು ಎಂದು ಅಂದಿನಿಂದ ಊರಿಗೆಲ್ಲ ಗೊತ್ತಾಯಿತು.

ನನಗೆ ಬಹಳ ಇಷ್ಟವಾದ ಸಂಗತಿ ಇದು: ಲೈನ್ ಮನೆಯ ಮಕ್ಕಳದು, ಓಟಗಾರರು ಬಹುಪಾಲು ಹೊರಗಿನಿಂದ ಬಂದವರು. ಜೋ ಥಾಮಸ್, ಗೇಬ್ ಕರೀಮಿ, ಟ್ರ್ಯಾವಿಸ್ ಫ್ರೆಡರಿಕ್, ಕೆವಿನ್ ಝೈಟ್ಲರ್, ಟೈಲರ್ ಬಯಾಡಾಶ್, ಎಲ್ಲ ವಿಸ್ಕಾನ್ಸಿನ್ ಹುಡುಗರು. ಥಾಮಸ್ 2006ರಲ್ಲಿ, ಕರೀಮಿ 2010ರಲ್ಲಿ ದೇಶದ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಪಡೆದರು. ಓಟಗಾರರ ಪಟ್ಟಿ ನೋಡಿ: ಡೇನ್ ನ್ಯೂಜೆರ್ಸಿಯವನು, ಕೋರಿ ಕ್ಲೆಮೆಂಟ್ ನ್ಯೂಜೆರ್ಸಿಯವನು, ಟೇಲರ್ ನ್ಯೂಜೆರ್ಸಿಯ ಸೇಲಂ ಎಂಬ ಸಣ್ಣ ಊರಿನವನು. ಮಾಂಟೀ ಬಾಲ್ ಮಿಸೂರಿಯಿಂದ, ಜೇಮ್ಸ್ ವೈಟ್ ಫ್ಲಾರಿಡದಿಂದ ಬಂದರು. ಸಾವಿರಕ್ಕೂ ಹೆಚ್ಚು ಮೈಲಿ ದೂರದ, ಹಿಮವನ್ನೇ ಕಾಣದ ಊರಿನ ಹುಡುಗನೊಬ್ಬ ಮ್ಯಾಡಿಸನ್ನಿಗೆ ಯಾಕೆ ಬರುತ್ತಾನೆ? ಇಲ್ಲಿ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯಿಂದ. ಒಂದು ತಲೆಮಾರಿನ ಲೈನ್ ಇನ್ನೊಂದು ತಲೆಮಾರಿನ ಓಟಗಾರನನ್ನು ಕರೆತರುತ್ತದೆ.

ಹಾಗಾದರೆ ಓಟಗಾರ ಯಾರಾದರೂ ನಡೆಯುತ್ತದೆಯೇ? ಇದನ್ನು ಹೇಳುವವರಿದ್ದಾರೆ. ಅವರಿಗೂ ಸ್ವಲ್ಪ ಆಧಾರವಿದೆ. ಡೇನ್ ಹೈಸ್ಮನ್ ಗೆದ್ದು 2000ದಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ಗೆ ಹೋದ, ಅಲ್ಲಿ ಒಂದು ಸೀಸನ್‌ನಲ್ಲೂ ಸಾವಿರ ಗಜ ಮುಟ್ಟಲಿಲ್ಲ. ಗಾರ್ಡನ್ 2015ರಲ್ಲಿ ವೃತ್ತಿಪರನಾಗಿ ಆಡಿದ ಮೊದಲ ವರ್ಷ ಒಂದು ಟಚ್‌ಡೌನ್ ಕೂಡ ಹೊಡೆಯಲಿಲ್ಲ. ಆದರೆ ಟೇಲರ್? 2021ರಲ್ಲಿ ಇಂಡಿಯಾನಪೊಲಿಸ್ ತಂಡದಲ್ಲಿ 1,811 ಗಜ ಓಡಿ ಇಡೀ ಎನ್‌ಎಫ್‌ಎಲ್‌ಗೆ ಮೊದಲಿಗನಾದ. ಲೈನೇ ಎಲ್ಲ ಎನ್ನುವವರು ಅವನ ಮುಂದೆ ಸುಮ್ಮನಾಗಬೇಕಾಗುತ್ತದೆ.

ಒಂದೇ ಬಾಗಿಲನ್ನು ಬೇರೆ ಬೇರೆ ಮೈಕಟ್ಟಿನವರು ಹೇಗೆ ಬಳಸಿದರು ನೋಡಿ. ಡೇನ್ ಐದು ಅಡಿ ಹತ್ತಂಗುಲ, ತೂಕ 115 ಕಿಲೊ ದಾಟಿತ್ತು. ಹೈಸ್ಕೂಲಿನಲ್ಲಿ ಡಿಸ್ಕಸ್ ಎಸೆಯುತ್ತಿದ್ದವನು. ಅಷ್ಟು ಭಾರದವನಿಗೆ ಅಷ್ಟು ಚುರುಕಾದ ಪಾದ ಇರುವುದು ಅಪರೂಪ. ಸೊಂಟ ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು ಬರುತ್ತಿದ್ದ. ಕೈ ಚಾಚಿ ಹಿಡಿದವರ ಕೈ ಉಳಿಯುತ್ತಿರಲಿಲ್ಲ. ಟೇಲರ್ 100 ಮೀಟರ್ ಓಟದ ಹುಡುಗ. ಅವನಿಗೆ ಬಾಗಿಲು ದಾಟಿ ಎರಡು ಹೆಜ್ಜೆ ಸಿಕ್ಕರೆ ಸಾಕು, ಹಿಂದಿನಿಂದ ಯಾರೂ ಮುಟ್ಟುವಂತಿಲ್ಲ. ಗಾರ್ಡನ್‌ನದು ಉದ್ದ ಕಾಲು, ಅಂಚಿನ ಕಡೆ ತಿರುಗುವಾಗಲೂ ವೇಗ ಇಳಿಯುತ್ತಿರಲಿಲ್ಲ. ಬಾಲ್ ಇವರಷ್ಟು ವೇಗದವನಲ್ಲ, ದೊಡ್ಡವನೂ ಅಲ್ಲ. ಆದರೆ ಟಚ್‌ಡೌನ್ ಗೆರೆಯ ಹತ್ತಿರ, ಐದು ಗಜ ಉಳಿದಾಗ, ಸಂದಿ ಹುಡುಕುವ ಅವನ ಕಣ್ಣು ಬೇರೆ ಯಾರಿಗೂ ಇರಲಿಲ್ಲ.

ಈ ಬಾಲ್ ಕಥೆಯಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇದೆ. 2010ರಲ್ಲಿ ತಂಡದಲ್ಲಿ ಮೂವರಿದ್ದರು. ಜಾನ್ ಕ್ಲೇ ಹಿಂದಿನ ವರ್ಷ 1,500 ಗಜ ದಾಟಿದ ಭಾರೀ ಆಳು. ಜೇಮ್ಸ್ ವೈಟ್ ಹೊಸದಾಗಿ ಬಂದ ಚುರುಕು ಹುಡುಗ. ಮೂರನೆಯವನು ಬಾಲ್. ಅಕ್ಟೋಬರ್ 16ರಂದು ದೇಶದ ಮೊದಲ ಸ್ಥಾನದಲ್ಲಿದ್ದ ಒಹಾಯೊ ಸ್ಟೇಟನ್ನು ವಿಸ್ಕಾನ್ಸಿನ್ 31–18ರಿಂದ ಸೋಲಿಸಿದ ರಾತ್ರಿ ಊರೆಲ್ಲ ಕುಣಿಯಿತು. ಬಾಲ್ ಕೈಗೆ ಚೆಂಡೇ ಬರಲಿಲ್ಲ. ಮರುವಾರ ಅಯೋವಾದಲ್ಲಿ, ಕಡೆಯ ನಿಮಿಷಗಳಲ್ಲಿ, ಎಂಟು ಗಜ ನುಗ್ಗಿ ಗೆಲುವಿನ ಟಚ್‌ಡೌನ್ ಹೊಡೆದವನು ಅದೇ ಬಾಲ್. 31–30. ಆ ಸೀಸನ್ ಮುಗಿದಾಗ ವೈಟ್ 1,052 ಗಜ, ಕ್ಲೇ 1,012, ಬಾಲ್ 996. ಇನ್ನು ನಾಲ್ಕೇ ಗಜ ಸಿಕ್ಕಿದ್ದರೆ ಒಂದೇ ತಂಡದ ಮೂವರು ಸಾವಿರ ಮುಟ್ಟಿದಂತಾಗುತ್ತಿತ್ತು. ಆ ನಾಲ್ಕು ಗಜ ನೆನೆದಾಗಲೆಲ್ಲ ನನಗೆ ಇಂದಿಗೂ ಚುರ್ರೆನ್ನುತ್ತದೆ.

ಮಾರನೆಯ ವರ್ಷ, 2011ರಲ್ಲಿ, ಬಾಲ್ 1,923 ಗಜ ಓಡಿ 39 ಟಚ್‌ಡೌನ್ ಹೊಡೆದ. ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಬರೆದಿದ್ದ ದಾಖಲೆಗೆ ಸರಿಸಮ. ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗ ಇವನು! ಒಬ್ಬನನ್ನೇ ನಂಬಿ ಕೂತ ತಂಡಕ್ಕೆ ಇಂಥವನು ಸಿಗುತ್ತಲೇ ಇರಲಿಲ್ಲ.

ಮೂವರು ಬೇಕಾಗುವುದಕ್ಕೆ ಮೈನೋವೂ ಕಾರಣ. ಟೇಲರ್ 2017, 2018, 2019ರಲ್ಲಿ ಕ್ರಮವಾಗಿ 299, 307, 320 ಸಲ ಚೆಂಡು ಹೊತ್ತ, ಒಟ್ಟು 926. ಪ್ರತಿ ಸಲವೂ ಕೊನೆಯಲ್ಲಿ ಒಬ್ಬರೋ ಇಬ್ಬರೋ ಮೂವರೋ ಮೇಲೆ ಬೀಳುತ್ತಾರೆ. 6,174 ಗಜ ಓಡಿ, ಮೂರೇ ವರ್ಷಕ್ಕೆ ಅವನು ಕಾಲೇಜು ತಂಡ ಬಿಟ್ಟು ವೃತ್ತಿಪರನಾದಾಗ ಕೆಲವರು ಬೇಸರಪಟ್ಟರು. ನಾನು ಪಡಲಿಲ್ಲ. ರನ್ನಿಂಗ್ ಬ್ಯಾಕ್‌ನ ಮೊಣಕಾಲಿಗೆ ಇಂತಿಷ್ಟು ಓಟ ಎಂದು ಇರುತ್ತದೆ. ಅದನ್ನೆಲ್ಲ ಶನಿವಾರಗಳಿಗೇ ಕೊಟ್ಟು ಬಾ ಎಂದು ಒಬ್ಬ ಹುಡುಗನಿಗೆ ಹೇಳುವ ಹಕ್ಕು ನಮಗಿಲ್ಲ.

ಇದರ ಮೇಲೆ ಎದುರಾಳಿಯ ದಣಿವು ಬೇರೆ. ಮೂರು ಕ್ವಾರ್ಟರ್ ಕಾಲ ಕ್ಲೇ ತರಹದ ಭಾರದವನನ್ನು ಹಿಡಿದು ಹಿಡಿದು ಭುಜ ಸೋತವರ ಮುಂದೆ ವೈಟ್ ಬಂದು ನಿಂತರೆ? ಹಲವು ಓಟಗಾರರಿದ್ದರೆ ಎದುರಾಳಿಗೆ ಗೊಂದಲವೂ ಆಗುತ್ತದೆ. 2012ರ ಬಿಗ್ ಟೆನ್ ಫೈನಲ್‌ನಲ್ಲಿ ನೆಬ್ರಾಸ್ಕಕ್ಕೆ ಆದದ್ದು ಅದು. ಬಾಲ್ 202 ಗಜ, ವೈಟ್ 109, ಆಗಿನ್ನೂ ಎಳೆಯನಾಗಿದ್ದ ಗಾರ್ಡನ್ ಬರೀ ಒಂಬತ್ತು ಓಟದಲ್ಲಿ 216. ಗಾರ್ಡನ್ ಪಕ್ಕದಿಂದ ಅಡ್ಡಲಾಗಿ ಓಡಿಬರುತ್ತಿದ್ದ. ಅವನಿಗೆ ಚೆಂಡು ಕೊಟ್ಟರೋ, ನಡುವೆ ನಿಂತ ಬಾಲ್‌ಗೆ ಕೊಟ್ಟರೋ ಎಂದು ನೆಬ್ರಾಸ್ಕದವರು ಒಂದು ಕ್ಷಣ ನಿಲ್ಲುತ್ತಿದ್ದರು. ಆ ಒಂದು ಕ್ಷಣದಲ್ಲಿ ಎಡ ಗಾರ್ಡ್ ಬಂದು ಮುಟ್ಟುತ್ತಿದ್ದ. ತಂಡದ ಒಟ್ಟು ಓಟ 539 ಗಜ, ಸ್ಕೋರು 70–31.

ಲೈನ್ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಹತ್ತಿರದಲ್ಲೇ ಇದೆ. 2014ರಲ್ಲಿ ಪಂದ್ಯಕ್ಕೆ ಸರಾಸರಿ ಸುಮಾರು 320 ಗಜ ಓಡಿದ ತಂಡ, ಗಾರ್ಡನ್ ಮತ್ತು ಮೂವರು ಲೈನ್‌ಮನ್‌ಗಳು ಹೊರಟುಹೋದ ಮೇಲೆ 2015ರಲ್ಲಿ ಅದರ ಅರ್ಧವನ್ನೂ ಮುಟ್ಟಲಿಲ್ಲ. ಅವನ ಜಾಗಕ್ಕೆ ಬರಬೇಕಿದ್ದ ಕ್ಲೆಮೆಂಟ್ ಗಾಯಗೊಂಡ. ಆ ವರ್ಷ ಮುಂದೆ ನಿಂತವನು ಡಾರೆ ಓಗುನ್ಬೊವಾಲೆ, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿ, ರಕ್ಷಣೆಯ ವಿಭಾಗದಿಂದ ಈ ಕಡೆ ಬಂದ ಹುಡುಗ. 819 ಗಜ ಓಡಿದ. ಪಟ್ಟಿಯಲ್ಲಿ ಆ ಅಂಕಿ ಸಣ್ಣದು, ಆದರೆ ಬಾಗಿಲು ಅರ್ಧ ಮಾತ್ರ ತೆರೆದ ವರ್ಷದಲ್ಲಿ ಓಡಿದ 819 ಅದು. ನನ್ನ ಹುಡುಗರಿಗೆ ನಾನು ಅವನ ವಿಡಿಯೊಗಳನ್ನೇ ಹೆಚ್ಚು ತೋರಿಸುತ್ತಿದ್ದೆ.

ಈಗ ದಾಖಲೆಯ ಜಗಳ. ನಿಮ್ಮ ಮಗಳೂ ಸರಿ, ಪಟ್ಟಿಯೂ ತನ್ನ ಲೆಕ್ಕದಲ್ಲಿ ಸರಿ. ಅಧಿಕೃತ ದಾಖಲೆ ಸ್ಯಾನ್ ಡಿಯಾಗೊ ಸ್ಟೇಟಿನ ಡಾನೆಲ್ ಪಂಫ್ರಿಯದು, 6,405 ಗಜ. 2016ರ ಡಿಸೆಂಬರ್ 17ರಂದು ಲಾಸ್ ವೇಗಸ್ ಬೌಲ್‌ನಲ್ಲಿ ಅವನು ಡೇನ್‌ನ 6,397ನ್ನು ದಾಟಿದ. ಅಂತರ ಎಂಟು ಗಜ. ಸಣ್ಣ ಮೈಯ, ಎದೆಗಾರಿಕೆಯ ಓಟಗಾರ. ಅವನ ಮೇಲೆ ನನಗೆ ಒಂದು ದೂರೂ ಇಲ್ಲ. ದೂರು ಇರುವುದು ಲೆಕ್ಕದ ಮೇಲೆ. ಸೀಸನ್ ಕೊನೆಯ ವಿಶೇಷ ಪಂದ್ಯಗಳಾದ ಬೌಲ್‌ಗಳಲ್ಲಿ ಓಡಿದ ಗಜಗಳನ್ನು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಒಟ್ಟು ಲೆಕ್ಕಕ್ಕೆ ಸೇರಿಸತೊಡಗಿದ್ದು 2002ರಿಂದ. ಹಿಂದಿನವರ ಲೆಕ್ಕವನ್ನು ತಿದ್ದಲಿಲ್ಲ. ಡೇನ್ ಆಡಿದ್ದು 1996ರಿಂದ 1999ರವರೆಗೆ. ಅವನು ನಾಲ್ಕು ಬೌಲ್ ಆಡಿದ: ಮೊದಲ ವರ್ಷ ಕಾಪರ್ ಬೌಲ್‌ನಲ್ಲಿ 246 ಗಜ, ಎರಡನೆಯ ವರ್ಷ ಔಟ್‌ಬ್ಯಾಕ್ ಬೌಲ್‌ನಲ್ಲಿ 36, 1999ರ ರೋಸ್ ಬೌಲ್‌ನಲ್ಲಿ 246, 2000ದ ರೋಸ್ ಬೌಲ್‌ನಲ್ಲಿ 200. ಕೂಡಿಸಿ, 728 ಆಗುತ್ತದೆ. ಅದನ್ನು 6,397ಕ್ಕೆ ಸೇರಿಸಿದರೆ 7,125. ಪಂಫ್ರಿಯ ನಾಲ್ಕು ಬೌಲ್‌ಗಳ ಗಜಗಳು 6,405ರ ಒಳಗೇ ಇವೆ.

ಟೇಲರ್ ಮೊದಲ ವರ್ಷ ಓಡಿದ 1,977 ಗಜ ಫ್ರೆಶ್‌ಮನ್ ದಾಖಲೆ ಎನ್ನುತ್ತಾರಲ್ಲ, ಅದಕ್ಕೂ ಇದೇ ಮಾತು. ಡೇನ್ 1996ರಲ್ಲಿ ಬೌಲ್ ಸೇರಿ 2,109 ಓಡಿದ್ದ; ದಾಖಲೆ ಪುಸ್ತಕದಲ್ಲಿ ಇರುವುದು 1,863. ಬ್ಯಾರಿ ಸ್ಯಾಂಡರ್ಸ್‌ನ 1988ರ 2,628 ಗಜವೂ ಬೌಲ್ ಬಿಟ್ಟ ಲೆಕ್ಕ, ಅದೂ 11 ಪಂದ್ಯದಲ್ಲಿ. ಗಾರ್ಡನ್ 2014ರಲ್ಲಿ 2,587, ಬಾಯ್ಸಿ ಸ್ಟೇಟಿನ ಆಷ್ಟನ್ ಜೆಂಟಿ 2024ರಲ್ಲಿ 2,601 ಓಡಿದ್ದು 14 ಪಂದ್ಯಗಳಲ್ಲಿ, ಬೌಲ್ ಸೇರಿಸಿ. ಆದರೂ ಸ್ಯಾಂಡರ್ಸ್ ಮೇಲೇ ಇದ್ದಾನೆ. ನನ್ನ ಅಭಿಪ್ರಾಯ ಕೇಳಿದರೆ, ಮೈದಾನದಲ್ಲಿ ಓಡಿದ ಗಜವನ್ನು ಕಾಗದದಲ್ಲಿ ಅಳಿಸುವುದು ನ್ಯಾಯವಲ್ಲ. ಹಳೆಯ ಬೌಲ್‌ಗಳ ಅಂಕಿಗಳೆಲ್ಲ ಲಭ್ಯ ಇವೆ, ಕೂಡಿಸಿ ಬರೆದರೆ ಮುಗಿಯಿತು. ವಿಸ್ಕಾನ್ಸಿನ್‌ನವರು ಡೇನ್ ಹೆಸರಿನ ಮುಂದೆ 7,125 ಎಂದೇ ಬರೆಯುತ್ತಾರೆ. ಕ್ಯಾಂಪ್ ರ‍್ಯಾಂಡಲ್‌ನ ಗೋಡೆಯ ಮೇಲೆ ಅವನ ಹೆಸರೂ 33ನೆಯ ನಂಬರೂ ಇವೆ. ಮಗಳಿಗೆ ಹೇಳಿ ಒಂದು ಫೋಟೊ ಕಳಿಸಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನೀವು ನಿರಾಶರಾಗಬಾರದು. ಇತ್ತೀಚಿನ ವರ್ಷಗಳ ತಂಡ ನಾನು ಮೇಲೆ ಬರೆದ ತಂಡದಂತಿಲ್ಲ. 2023ರಲ್ಲಿ ಹೊಸ ಕೋಚ್ ಬಂದು, ಚೆಂಡನ್ನು ಹೆಚ್ಚು ಎಸೆಯುವ ಪದ್ಧತಿಗೆ ತಂಡ ಹೊರಳಿತು. ಫುಲ್‌ಬ್ಯಾಕ್ ಮರೆಯಾದ. 2024ರಲ್ಲಿ 5 ಗೆಲುವು 7 ಸೋಲು, 22 ಸೀಸನ್‌ಗಳಿಂದ ತಪ್ಪದೆ ಬಂದಿದ್ದ ಬೌಲ್ ಪಂದ್ಯವೂ ತಪ್ಪಿತು. ಆ ನವೆಂಬರ್‌ನಲ್ಲೇ ಎಸೆತದ ಪದ್ಧತಿ ತಂದ ಸಹಾಯಕ ಕೋಚ್‌ರನ್ನು ತೆಗೆದುಹಾಕಿದರು. ಮೂವತ್ತಕ್ಕೂ ಹೆಚ್ಚು ವರ್ಷ ಕಟ್ಟಿದ ಲೈನಿನ ಪರಂಪರೆಯನ್ನು ಅಷ್ಟು ಬೇಗ ಪಕ್ಕಕ್ಕಿಟ್ಟದ್ದು ದೊಡ್ಡ ತಪ್ಪು ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಹಾಗಾಗಿ ಹಳೆಯ ಪಂದ್ಯಗಳ ವಿಡಿಯೊ ಹುಡುಕಿ ನೋಡಿ. 2014ರ ನೆಬ್ರಾಸ್ಕ ಪಂದ್ಯದಿಂದಲೇ ಶುರು ಮಾಡಿ.

ನೋಡುವಾಗ ಚೆಂಡನ್ನು ನೋಡಬೇಡಿ. ಚೆಂಡು ಹಿಂದಕ್ಕೆ ಬರುವ ಮೊದಲು ನಿಮ್ಮ ಕಣ್ಣು ಇಬ್ಬರು ಗಾರ್ಡ್‌ಗಳ ಮೇಲಿರಲಿ, ನಡುವೆ ಬಗ್ಗಿ ಚೆಂಡು ಹಿಡಿದಿರುವ ಸೆಂಟರಿನ ಅಕ್ಕಪಕ್ಕದವರು. ಇಬ್ಬರೂ ಮುಂದಕ್ಕೆ ನುಗ್ಗಿದರೆ ಓಟ ನಡುವಿನಲ್ಲೇ ಎಲ್ಲೋ. ಇಬ್ಬರೂ ಎದ್ದು ಹಿಂದಕ್ಕೆ ಸರಿದರೆ ಎಸೆತ. ಒಬ್ಬ ಮಾತ್ರ ಹಿಂದಕ್ಕೆ ಹೆಜ್ಜೆ ಇಟ್ಟು ಇನ್ನೊಂದು ಪಕ್ಕಕ್ಕೆ ಓಡತೊಡಗಿದರೆ, ಚೆಂಡು ಹೆಚ್ಚುಕಡಿಮೆ ಅದೇ ಪಕ್ಕಕ್ಕೆ ಹೋಗುತ್ತದೆ. ಮೊದಲ ಹತ್ತು ಸಲ ತಪ್ಪುತ್ತದೆ, ವಿಡಿಯೊ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ನೋಡಿ. ಒಂದು ಪಂದ್ಯ ಹೀಗೆ ನೋಡಿದರೆ ಸಾಕು, ಮುಂದಿನ ಶನಿವಾರ ಓಟ ಯಾವ ಕಡೆ ಎಂದು ಮಗಳಿಗಿಂತ ಮುಂಚೆ ನೀವೇ ಕೂಗಿ ಹೇಳಬಹುದು.